ಹೆಸರು ಅದೇ 4060, ವ್ಯಾಟ್ ಎಷ್ಟು?

ಪ್ರಶ್ನೆ: ಕೊಳ್ಳಬೇಕೆಂದಿದ್ದ ಗೇಮಿಂಗ್ ಲ್ಯಾಪ್‌ಟಾಪ್ ಈಗ ಹೊಸ ವಿನ್ಯಾಸದಲ್ಲಿ ಬಂದಿದೆ. ಮೊದಲಿಗಿಂತ ತೆಳ್ಳಗಿದೆ, ಹಗುರವಾಗಿದೆ. ಪ್ರೊಸೆಸರ್ ಹೊಸದು, ಗ್ರಾಫಿಕ್ಸ್ ಚಿಪ್ ಮಾತ್ರ ಮೊದಲಿನದೇ, ಎನ್‌ವಿಡಿಯಾದ ಆರ್‌ಟಿಎಕ್ಸ್ 4060. ಹಗಲು ಕಚೇರಿ ಕೆಲಸ, ರಾತ್ರಿ ಆಟ. ಹಳೆಯ ಮಾದರಿಗಿಂತ ಇದು ವಾಸಿಯೇ?

ಉತ್ತರ: ಚಿಪ್‌ನ ಹೆಸರು ಒಂದೇ ಆದ ಮಾತ್ರಕ್ಕೆ ವೇಗವೂ ಒಂದೇ ಆಗಿರಬೇಕೆಂದಿಲ್ಲ. ಲ್ಯಾಪ್‌ಟಾಪ್‌ನ 4060ಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದ ಮಿತಿ ಇಡಬಹುದು. ಮೈ ತೆಳುವಾದಾಗ ಹೀಟ್‌ಸಿಂಕ್ (ಬಿಸಿ ಹೀರುವ ಲೋಹ), ಫ್ಯಾನ್‌ಗಳಿಗೂ ಜಾಗ ಕಡಿಮೆಯಾಗುತ್ತದೆ. ಎಷ್ಟೋ ಸಲ ಈ ಮಿತಿಗೇ ಕತ್ತರಿ ಬೀಳುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್‌ಫರ್ಮೇಷನ್‌ನಲ್ಲಿ ‘ಮ್ಯಾಕ್ಸಿಮಂ ಗ್ರಾಫಿಕ್ಸ್ ಪವರ್’ ಎಂಬ ಸಾಲು ನೋಡಿ. ಅಲ್ಲಿ (ಪ್ರೊಸೆಸರ್ ಪಾಲಿನಿಂದ ಸಿಗುವ ಹೆಚ್ಚುವರಿ ವ್ಯಾಟ್ ಸೇರಿ) 140 ಅಂತಿದ್ದರೂ ಮರುಳಾಗಬೇಡಿ, ಸುಮಾರು 100 ವ್ಯಾಟ್ ದಾಟಿದ ಮೇಲೆ 4060 ಹೆಚ್ಚೇನೂ ಓಡುವುದಿಲ್ಲ. ಆದರೆ 60–75 ಅಂತಿದ್ದರೆ, ಆಟವೇ ಮುಖ್ಯವಾದವರಿಗೆ ಹಳೆಯ ದಪ್ಪ ಮಾದರಿಯೇ ಮೇಲು.

ಬರೆದ ಅಂಕಿ ಒಂದು, ಕೊನೆಯವರೆಗೆ ನಿಲ್ಲುವುದು ಇನ್ನೊಂದು. ಪರೀಕ್ಷಿಸುವುದು ಹೀಗೆ: ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು, ಚಾರ್ಜರ್ ಹಾಕಿ, ಪರ್ಫಾರ್ಮೆನ್ಸ್ ಮೋಡ್‌ಗೆ ತನ್ನಿ. ಆಟದಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಆಯ್ಕೆ), ಫ್ರೇಮ್ ಮಿತಿ ಎರಡನ್ನೂ ತೆಗೆಯಿರಿ. ಇಲ್ಲವಾದರೆ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಪೂರ್ತಿ ಕರೆಂಟ್ ಎಳೆಯುವುದೇ ಇಲ್ಲ. ಆಟದೊಳಗೇ ಇರುವ ಬೆಂಚ್‌ಮಾರ್ಕನ್ನು (ವೇಗ ಅಳೆಯುವ ಪರೀಕ್ಷೆ) ಮೊದಲು ಒಮ್ಮೆ ಓಡಿಸಿ, ಅರ್ಧ ಗಂಟೆ ಆಡಿ, ತಕ್ಷಣ ಮತ್ತೆ ಓಡಿಸಿ. ದೃಶ್ಯ ಬದಲಾದರೆ ಫ್ರೇಮ್ ದರವೂ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬದಲಾಗುತ್ತದೆ, ಅದಕ್ಕೇ ಎರಡು ಸಲವೂ ಅದೇ ದೃಶ್ಯ ಬೇಕು. ಜೊತೆಗೆ ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಜಿಪಿಯು ಪವರ್ ಗಮನಿಸುತ್ತಿರಿ. ಫ್ರೇಮ್ 90ರಿಂದ 87ಕ್ಕೆ ಇಳಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 70ಕ್ಕೆ ಇಳಿದು, ವ್ಯಾಟ್ ಕೂಡ 100ರಿಂದ 75ಕ್ಕೆ ಬಿದ್ದರೆ ಕೂಲಿಂಗ್ ಸಾಲುತ್ತಿಲ್ಲ ಎಂದರ್ಥ. ಪ್ರೊಸೆಸರ್ ಆಗಾಗ 95 ಡಿಗ್ರಿ ಮುಟ್ಟುವುದು ಇಂಥ ಯಂತ್ರಗಳಲ್ಲಿ ಮಾಮೂಲು. ಕೊನೆಯಲ್ಲಿ ಡಬ್ಲ್ಯೂ, ಎ, ಎಸ್, ಡಿ ಕೀಗಳ ಮೇಲೆ ಬೆರಳಿಟ್ಟು ನೋಡಿ: ಅಲ್ಲಿ ಸುಡುತ್ತಿದ್ದರೆ ಉಳಿದ ಅಂಕಿಗಳು ಎಷ್ಟು ಚೆನ್ನಾಗಿದ್ದರೂ ದಿನಾ ಆಡಲಾಗದು.

ಹಗಲಿನ ಕೆಲಸಕ್ಕೆ ಬೇರೆ ಲೆಕ್ಕ. ಚಾರ್ಜರ್ ತೆಗೆದು, ಬೆಳಕು ಅರ್ಧಕ್ಕಿಟ್ಟು, ಬ್ರೌಸರ್ ತೆರೆದು ಬ್ಯಾಟರಿ ಎಷ್ಟು ವ್ಯಾಟ್ ಖರ್ಚು ಮಾಡುತ್ತಿದೆ ಅಂತ ಅದೇ ತಂತ್ರಾಂಶದಲ್ಲಿ ನೋಡಿ. 70 ವ್ಯಾಟ್-ಅವರ್ ಬ್ಯಾಟರಿ 10 ವ್ಯಾಟ್ ಖರ್ಚಿನಲ್ಲಿ 7 ಗಂಟೆ ಬರುತ್ತದೆ, 25 ವ್ಯಾಟ್ ಆದರೆ 3 ಗಂಟೆಯೂ ಇಲ್ಲ. ಸುಮ್ಮನಿದ್ದಾಗಲೂ 25 ತೋರಿಸಿದರೆ, ಹೆಚ್ಚಾಗಿ ಎನ್‌ವಿಡಿಯಾ ಚಿಪ್ ಮಲಗಿಲ್ಲ ಅಂತ ಅರ್ಥ. ತಯಾರಕರ ತಂತ್ರಾಂಶದಲ್ಲಿ ಹೈಬ್ರಿಡ್ ಮೋಡ್ (ಬೇಕಾದಾಗ ಮಾತ್ರ ಆ ಚಿಪ್ ಏಳುವ ಆಯ್ಕೆ) ಆರಿಸಿ. ಹೊರಗಿನ ಮಾನಿಟರ್ ಇದ್ದರೆ ಅದನ್ನೂ ತೆಗೆದು ನೋಡಿ; ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್‌ವಿಡಿಯಾ ಚಿಪ್‌ಗೇ ಜೋಡಣೆಯಾಗಿರುತ್ತದೆ.

ಪ್ರಶ್ನೆ: ಹೊಸ ಮಾದರಿಯಲ್ಲಿ 16 ಜಿಬಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿದೆ. ಸಾಕೇ?

ಉತ್ತರ: ಇವತ್ತಿನ ಬಹುತೇಕ ಆಟಗಳಿಗೆ ಸಾಕು. ನಾಲ್ಕೈದು ವರ್ಷ ಇಟ್ಟುಕೊಳ್ಳುವುದಾದರೆ ಈಗಲೇ 32 ಜಿಬಿ ತೆಗೆದುಕೊಳ್ಳಿ, ಆಮೇಲೆ ಏರಿಸಲು ದಾರಿಯಿಲ್ಲ. ಸ್ಲಾಟ್ ಇರುವ ಮಾದರಿಯಾದರೆ ಒಂದೇ 16 ಜಿಬಿ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಒಳ್ಳೆಯದು. ಒಂಟಿ ಕಡ್ಡಿಯಲ್ಲಿ ಎರಡನೇ ಚಾನೆಲ್ (ಮಾಹಿತಿ ಸಾಗುವ ದಾರಿ) ಖಾಲಿ ಬಿದ್ದು ಫ್ರೇಮ್ ದರ ಕುಗ್ಗುತ್ತದೆ.

ಪ್ರಶ್ನೆ: 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಒಂದನ್ನೇ ಎಲ್ಲದಕ್ಕೂ ಬಳಸಬಹುದೇ?

ಉತ್ತರ: ಲ್ಯಾಪ್‌ಟಾಪ್‌ನ ಆ ಪೋರ್ಟ್ ಚಾರ್ಜಿಂಗ್ ಒಪ್ಪುವಂಥದ್ದಾದರೆ ಕಚೇರಿ ಕೆಲಸಕ್ಕೆ ಧಾರಾಳವಾಗಿ ಬಳಸಿ. ಆಟಕ್ಕೆ ಆಗದು. ಜಿಪಿಯುಗೆ 100, ಪ್ರೊಸೆಸರ್‌ಗೆ 45 ವ್ಯಾಟ್ ಹೋದರೆ ಅಲ್ಲಿಗೇ 145. ಪರದೆ, ಫ್ಯಾನ್ ಇನ್ನೂ ಬಾಕಿ. ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ, ಇಲ್ಲವೇ ಯಂತ್ರವೇ ವೇಗ ಇಳಿಸುತ್ತದೆ. ಟೈಪ್-ಸಿ ಚಾರ್ಜಿಂಗ್‌ನ ಮಾನದಂಡವಾದ ಯುಎಸ್‌ಬಿ ಪಿಡಿ 3.1ರಲ್ಲಿ 240 ವ್ಯಾಟ್‌ವರೆಗೆ ಅವಕಾಶವಿದೆ, ಆದರೆ ಲ್ಯಾಪ್‌ಟಾಪ್, ಚಾರ್ಜರ್, ಕೇಬಲ್ ಮೂರೂ ಅಷ್ಟಕ್ಕೆ ಒಗ್ಗುವಂಥವಾಗಿರಬೇಕು. ಆಟಕ್ಕೆ ಪೆಟ್ಟಿಗೆಯಲ್ಲಿ ಬಂದ ದೊಡ್ಡ ಅಡಾಪ್ಟರನ್ನೇ ಹಾಕಿ.