ಎಂಜೈಮ್ ಹಾಕಿದರೂ ಫೀಡ್ ಖರ್ಚು ಇಳಿದಿಲ್ಲ, ಯಾಕೆ?

ಪ್ರಶ್ನೆ: ಸರ್, ಬ್ರಾಯ್ಲರ್ ಸಾಕುತ್ತೇನೆ, ಫೀಡ್ ನಾನೇ ಮಿಕ್ಸ್ ಮಾಡಿಸುತ್ತೇನೆ. ಜೀರ್ಣಕ್ಕೆ ನೆರವಾಗುವ ಎಂಜೈಮ್ ಹಾಕಿದರೆ ಖರ್ಚು ಇಳಿಯುತ್ತದೆ ಅಂದರು, ಹಾಕಿದೆ. ಕೋಳಿಗಳು ಚೆನ್ನಾಗಿವೆ. ಆದರೆ ಖರ್ಚು ಇಳಿಯುವುದಿರಲಿ, ಎಂಜೈಮಿನ ದುಡ್ಡೇ ಮೇಲೆ ಬಿತ್ತು. ಇದರಲ್ಲಿ ನಿಜವಾಗಿಯೂ ಲಾಭ ಇದೆಯಾ?

ಉತ್ತರ: ಇದೆ. ಆದರೆ ಎಂಜೈಮ್ ಹಾಕಿದ ಮೇಲೆ ಫಾರ್ಮುಲಾ ಬದಲಿಸಿದಿರೋ ಇಲ್ಲವೋ, ಅದನ್ನು ನೀವು ಬರೆದಿಲ್ಲ. ಹಳೇ ಫಾರ್ಮುಲಾಕ್ಕೇ ಸುಮ್ನೆ ಸೇರಿಸಿದ್ದರೆ ಖರ್ಚು ಏರಲೇಬೇಕು ಅಲ್ವಾ?

ಫೈಟೇಸ್ ಅನ್ನುವ ಎಂಜೈಮನ್ನೇ ತೆಗೆದುಕೊಳ್ಳಿ. ಕಾಳು, ಹಿಂಡಿಯಲ್ಲಿರುವ ರಂಜಕದ (ಫಾಸ್ಫರಸ್) ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ಅನ್ನುವ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಕೋಳಿಗೆ ಅಷ್ಟಾಗಿ ಆಗುವುದಿಲ್ಲ, ಹೆಚ್ಚಿನದು ಹಿಕ್ಕೆಯಲ್ಲಿ ಹೋಗುತ್ತದೆ, ಆ ಕೊರತೆ ತುಂಬಲು ನಾವು ದುಡ್ಡು ಕೊಟ್ಟು ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ತಂದು ಸುರಿಯುತ್ತೇವೆ. ಫೈಟೇಸ್ ಆ ಕಟ್ಟು ಬಿಚ್ಚುತ್ತದೆ. ಒಂದು ಟನ್ ಫೀಡಿನಲ್ಲಿ 1 ಕೆಜಿ ರಂಜಕ ಬಿಡಿಸಿತು ಅಂತಿಟ್ಟುಕೊಳ್ಳಿ. ಡಿಸಿಪಿಯಲ್ಲಿ ರಂಜಕ ಇರುವುದು ಸುಮಾರು 18%. ಅಲ್ಲಿಗೆ ಟನ್ನಿಗೆ ಸುಮಾರು 5.5 ಕೆಜಿ ಡಿಸಿಪಿ ಕಡಿಮೆ ಮಾಡಬಹುದು. ನಿಮ್ಮ ಉಳಿತಾಯ ಇರುವುದು ಅಲ್ಲಿ, ಅದನ್ನು ಕಡಿಮೆ ಮಾಡದಿದ್ದರೆ ಬಿಡುಗಡೆಯಾದ ರಂಜಕವೂ ಹಿಕ್ಕೆಯ ದಾರಿಯನ್ನೇ ಹಿಡಿಯುತ್ತದೆ. ಎಷ್ಟು ಕಡಿಮೆ ಮಾಡಬಹುದು ಅನ್ನುವುದನ್ನು ಕಂಪನಿಯವರು ಮ್ಯಾಟ್ರಿಕ್ಸ್ ವ್ಯಾಲ್ಯೂ ಅಂತ ಕೊಡುತ್ತಾರೆ, ಕೇಳಿ ಪಡೆಯಿರಿ, ಫೀಡ್ ತಜ್ಞರಿಗೆ ತೋರಿಸಿಯೇ ಫಾರ್ಮುಲಾ ತಿದ್ದಿ. ಕಡಿಮೆ ಮಾಡಿದ ಡಿಸಿಪಿ ಜಾಗಕ್ಕೆ ಅಂದಾಜಿನಲ್ಲಿ ಸುಣ್ಣದ ಕಲ್ಲಿನ ಪುಡಿ ಸುರಿಯಬೇಡಿ. ಕ್ಯಾಲ್ಸಿಯಂ ಜಾಸ್ತಿಯಾದರೆ ಫೈಟೇಸ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಇನ್ನು ಝೈಲನೇಸ್, ನಾರನ್ನು ಒಡೆಯುವ ಎಂಜೈಮ್. ಗೋಧಿ ಜಾಸ್ತಿ ಹಾಕುವವರಿಗೆ ಇದರ ಫಲ ಕಣ್ಣಿಗೇ ಕಾಣುತ್ತದೆ, ಯಾಕೆಂದರೆ ಗೋಧಿಯ ನಾರು ಕರುಳಿನಲ್ಲಿ ಅಂಟಂಟಾಗಿ ಹಿಕ್ಕೆ ಜಿಗುಟಾಗುತ್ತದೆ, ನೆಲಕ್ಕೆ ಹಾಸಿದ ಲಿಟರ್ ಒದ್ದೆಯಾಗುತ್ತದೆ. ಮೆಕ್ಕೆಜೋಳ, ಸೋಯಾ ಹಿಂಡಿಯ ಫೀಡಿನಲ್ಲಿ ಅಷ್ಟು ಅಂಟಿಲ್ಲ, ಹಾಗಾಗಿ ಅಷ್ಟು ದೊಡ್ಡ ಫಲವನ್ನೂ ನಿರೀಕ್ಷಿಸಬೇಡಿ. ಮೂರ್ನಾಲ್ಕು ಎಂಜೈಮ್ ಒಟ್ಟಿಗೆ ಹಾಕಿ, ಎಲ್ಲದರ ಮ್ಯಾಟ್ರಿಕ್ಸನ್ನೂ ಕೂಡಿಸಿಬಿಡುವವರಿದ್ದಾರೆ. ಕಾಗದದಲ್ಲಿ ಫೀಡ್ ಅಗ್ಗವಾಗುತ್ತದೆ, ಆದರೆ ಅಷ್ಟೂ ಫಲ ಕೋಳಿಗೆ ಸಿಗುವುದಿಲ್ಲ, ತೂಕ ಬರುವುದಿಲ್ಲ.

ಫೀಡನ್ನು ಒತ್ತಿ ಪೆಲೆಟ್ (ಗುಳಿಗೆ) ಮಾಡಿಸುತ್ತೀರಾದರೆ ಇದನ್ನೂ ಗಮನಿಸಿ. ಎಂಜೈಮ್ ಅಂದರೆ ಪ್ರೋಟೀನ್, ಪೆಲೆಟ್ ಯಂತ್ರದ 80-90 ಡಿಗ್ರಿ ಬಿಸಿಗೆ ಸಾಮಾನ್ಯ ಎಂಜೈಮ್ ಬಹಳಷ್ಟು ಹಾಳಾಗುತ್ತದೆ. ಬಿಸಿ ತಡೆಯುವಂಥದ್ದನ್ನು ಕೊಳ್ಳಿ, ಇಲ್ಲಾ ಪೆಲೆಟ್ ಆದ ಮೇಲೆ ದ್ರವದ ಎಂಜೈಮ್ ಸಿಂಪಡಿಸುವ ವ್ಯವಸ್ಥೆ ಇರಬೇಕು.

ಪ್ರಶ್ನೆ: ನಾನು ರೆಡಿ ಫೀಡ್ ಕೊಳ್ಳುತ್ತೇನೆ. ಮೇಲಿಂದ ಎಂಜೈಮ್ ಸೇರಿಸಲೇ?

ಉತ್ತರ: ಮೊದಲು ಫೀಡ್ ಕೊಡುವವರನ್ನು ಕೇಳಿ, ರೆಡಿ ಫೀಡಿನಲ್ಲಿ ಸಾಮಾನ್ಯವಾಗಿ ಫೈಟೇಸ್ ಇದ್ದೇ ಇರುತ್ತದೆ. ಫಾರ್ಮುಲಾ ನಿಮ್ಮ ಕೈಯಲ್ಲಿಲ್ಲ, ಡಿಸಿಪಿ ಉಳಿಸುವ ಮಾತಿಲ್ಲ. ನಿಮಗೆ ಉಳಿದಿರುವುದು ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಫೀಡ್ ಬೇಕು ಅನ್ನುವ ಲೆಕ್ಕ, ಅಂದರೆ ಎಫ್‌ಸಿಆರ್ ಒಂದೇ. 2 ಕೆಜಿ ಕೋಳಿಯ ಎಫ್‌ಸಿಆರ್ 1.70ರಿಂದ 1.65ಕ್ಕೆ ಇಳಿದರೆ ಕೋಳಿಗೆ 100 ಗ್ರಾಂ, ಸಾವಿರ ಕೋಳಿಗೆ 100 ಕೆಜಿ ಫೀಡ್ ಉಳಿಯುತ್ತದೆ. ಅದರ ಬೆಲೆ ಎಂಜೈಮಿನ ಬೆಲೆಗಿಂತ ಜಾಸ್ತಿಯಿದ್ದರೆ ಮಾತ್ರ ಹಾಕಿ. ಪರೀಕ್ಷೆ ಮಾಡುವಾಗ ಹೋದ ಬ್ಯಾಚಿಗೆ ಹೋಲಿಸಬೇಡಿ, ಮರಿಯೂ ಬೇರೆ, ಹವೆಯೂ ಬೇರೆ. ಒಂದೇ ಬ್ಯಾಚಿನ ಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಹಾಕಿ ಒಂದಕ್ಕೆ ಬಿಡಿ, ಎರಡೂ ಕಡೆಯ ಫೀಡ್ ತೂಕ ಬೇರೆ ಬೇರೆ ಬರೆದಿಡಿ.