ಗಣಿತ, ಪರಿಸರ, ಶಿಕ್ಷಣ, ರಾಜಕೀಯ: ಎಲ್ಲೆಡೆ ಸಂಶೋಧನೆ ಒಂದೇ ಥರವೇ?

ಅಲ್ಲ. ಹೆಸರು ಒಂದೇ, ಒಪ್ಪುವ ಪುರಾವೆ ಬೇರೆ ಬೇರೆ. ಗಣಿತದಲ್ಲಿ ಸಾವಿರ ಉದಾಹರಣೆ ಕೊಟ್ಟರೂ ಸಾಲದು. ತರ್ಕದ ಒಂದು ಕೊಂಡಿ ಕಳಚಿದರೆ ರುಜುವಾತೇ ಇಲ್ಲ. ಹಳೆಯ ಗಣಿತಜ್ಞ ಫರ್ಮಾ ರುಜುವಾತಿಲ್ಲದೆ ಬಿಟ್ಟುಹೋದ ‘ಕೊನೆಯ ಪ್ರಮೇಯ’ಕ್ಕೆ ಗಣಿತಜ್ಞ ಆಂಡ್ರ್ಯೂ ವೈಲ್ಸ್ 1993ರಲ್ಲಿ ಕೊಟ್ಟ ರುಜುವಾತಿನಲ್ಲಿ ದೋಷ ಸಿಕ್ಕಿತು. ಹಳೆಯ ಶಿಷ್ಯ ರಿಚರ್ಡ್ ಟೇಲರ್ ಜೊತೆ ಕೂತು ಸರಿಪಡಿಸಿ ಪ್ರಕಟಿಸುವಷ್ಟರಲ್ಲಿ 1995 ಆಗಿತ್ತು.

ಪರಿಸರದಲ್ಲಿ ತಾಳ್ಮೆಯೇ ಬಂಡವಾಳ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಭಾಗ. ಈಗ 420 ದಾಟಿದೆ. ದಶಕಗಟ್ಟಲೆ ಅಳೆಯುತ್ತಾ ಬಂದಿದ್ದಕ್ಕೇ ಈ ಏರಿಕೆ ಕಂಡಿತು.

ಶಿಕ್ಷಣದಲ್ಲಿ ಪ್ರಯೋಗ ಕಷ್ಟ, ಮಕ್ಕಳೇನು ಪ್ರಯೋಗಾಲಯದ ಇಲಿಗಳೇ? ಆದರೂ 1985ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಕಡಿಮೆ ಮಕ್ಕಳಿರುವ ಸಣ್ಣ, ಹೆಚ್ಚು ಮಕ್ಕಳಿರುವ ದೊಡ್ಡ ತರಗತಿಗಳಿಗೆ ಹಂಚಿದರು. ಸಣ್ಣ ತರಗತಿಯವರೇ ಮುಂದಿದ್ದರು. ರಾಜಕೀಯದಲ್ಲಿ ಇಂಥ ಅವಕಾಶ ಅಪರೂಪ. ಹೆಚ್ಚಾಗಿ ನಡೆದುಹೋದದ್ದನ್ನೇ ಹೋಲಿಸಿ ನೋಡಬೇಕು.