ಕರಾಟೆ ಶಾಲೆಯಲ್ಲಿ ವಿದ್ಯಾರ್ಥಿಗಳು ಪಾಲಿಸಬೇಕಾದ ಶಿಷ್ಟಾಚಾರವೇನು?

ತುಮಕೂರಿನಲ್ಲಿ ಮಗಳನ್ನು ಕರಾಟೆಗೆ ಸೇರಿಸುವ ಮುನ್ನ ಅಲ್ಲಿನ ನಡವಳಿಕೆಯ ನಿಯಮಗಳನ್ನು ಕೇಳಿದ್ದೀರಿ. ಓಕಿನಾವಾದ ಈ ಕಲೆಯನ್ನು ಜಪಾನಿನ ಉಳಿದ ಭಾಗಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರಾದ ಗಿಚಿನ್ ಫುನಕೋಶಿ (1868–1957) ಅವರು ಕರಾಟೆಯ ಆದಿಯೂ ಅಂತ್ಯವೂ ವಂದನೆಯೇ ಎಂದು ಬೋಧಿಸಿದ್ದರು; ಆದ್ದರಿಂದ ಅಭ್ಯಾಸದ ಸ್ಥಳವಾದ ಡೋಜೊ ಶಾಲೆಯ ಸಭಾಂಗಣವಾಗಿರಲಿ, ಕಟ್ಟಡದ ತಾರಸಿಯಾಗಿರಲಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಒಳಬರುವಾಗಲೂ ಹೊರಡುವಾಗಲೂ ಸೊಂಟದಿಂದ ಬಾಗಿ ವಂದಿಸಬೇಕು. ನಮ್ಮ ಮಕ್ಕಳು ರೂಢಿಬಲದಿಂದ ಕೈಮುಗಿದುಬಿಡುವುದುಂಟು. ಅದಕ್ಕೆ ಗದರುವ ಅಗತ್ಯವಿಲ್ಲ, ಅಂಗೈಗಳನ್ನು ತೊಡೆಗೆ ಒತ್ತಿ ನಿಲ್ಲುವುದನ್ನು ತೋರಿಸಿಕೊಟ್ಟರೆ ಸಾಕು.

ಸಮವಸ್ತ್ರ ಶುಭ್ರವಾಗಿರಬೇಕು, ಅಂಗಿಯ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರಬೇಕು, ಉಗುರು ಕತ್ತರಿಸಿರಬೇಕು. ಬಳೆ, ಓಲೆ, ಸರ ಮನೆಯಲ್ಲೇ ಇರಲಿ.

ತಡವಾಗಿ ಬಂದವರು ನೇರವಾಗಿ ಸಾಲಿಗೆ ನುಗ್ಗದೆ, ಅಂಚಿನಲ್ಲಿ ಮಂಡಿಯೂರಿ ಕುಳಿತು, ಶಿಕ್ಷಕರು ಸನ್ನೆ ಮಾಡಿದ ಮೇಲೆ ವಂದಿಸಿ ಸೇರಿಕೊಳ್ಳುವುದು ಹಲವೆಡೆ ವಾಡಿಕೆ. ಬೆಲ್ಟ್ ಸಡಿಲವಾದರೆ ಶಿಕ್ಷಕರಿಗೆ ಎದುರಾಗಿ ಕಟ್ಟಿಕೊಳ್ಳದೆ ಪಕ್ಕಕ್ಕೆ ತಿರುಗಿ ಸರಿಪಡಿಸಿಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಜೊತೆಗಾರರೊಡನೆ ನಡೆಸುವ ಕಾದಾಟದ ಅಭ್ಯಾಸವಾದ ಕುಮಿತೆಯಲ್ಲಿನ ಸಂಯಮ: ತನಗಿಂತ ಚಿಕ್ಕವರ ಮೇಲೆ ಪೂರ್ಣ ಬಲ ಪ್ರಯೋಗಿಸುವವರು ಎಷ್ಟು ಚೆನ್ನಾಗಿ ಬಾಗಿ ವಂದಿಸಿದರೂ ವ್ಯರ್ಥವೆಂಬುದು ನನ್ನ ಅಭಿಪ್ರಾಯ. ಇನ್ನು ಪೋಷಕರು, ದಯವಿಟ್ಟು, ತರಗತಿ ನಡೆಯುವಾಗ ಬಾಗಿಲಲ್ಲಿ ನಿಂತು ಮಕ್ಕಳಿಗೆ ಸೂಚನೆಗಳನ್ನು ಕೂಗಬಾರದು.